ಹಡಗು ಹತ್ತುವ ಮುಂಚೆ ಕೇಳಿದ್ದು

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಹಡಗಿನ ರಜೆಯ ಬಗ್ಗೆಯೇ ಬಂದಿವೆ. ನಾನು ಕ್ರೂಸ್ ಹಡಗುಗಳ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು, ಈಗ ಚಿಕ್ಕಮಗಳೂರಿಗೆ ವಾಪಸ್ ಬಂದಿದ್ದೇನೆ. ಘಟ್ಟದ ಮೇಲಿನ ಇಷ್ಟೊಂದು ಜನ ಸಮುದ್ರದ ಆಸೆ ಇಟ್ಟುಕೊಂಡಿದ್ದೀರಿ ಅಂತ ತಿಳಿದು ತುಂಬಾ ಖುಷಿಯಾಯಿತು. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಕಡೂರಿನ ನಿವೃತ್ತ ಮೇಷ್ಟ್ರು: ನನ್ನ ಷಷ್ಟಿಪೂರ್ತಿಗೆ ಮಗಳು ಮುಂಬೈನಿಂದ ಲಕ್ಷದ್ವೀಪಕ್ಕೆ ಹಡಗಿನ ಟಿಕೆಟ್ ಮಾಡಿಸುತ್ತೇನೆ ಅನ್ನುತ್ತಿದ್ದಾಳೆ. ನಮ್ಮ ಮನೆಯವರಿಗೆ ಚಾರ್ಮಾಡಿ ಘಾಟಿ ಇಳಿಯುವಾಗಲೇ ವಾಂತಿ ಶುರುವಾಗುತ್ತದೆ. ಹಡಗು ತಡೆದಾರಾ ಸಿಸ್ಟರ್?

ತಡೆಯುತ್ತಾರೆ ಮೇಷ್ಟ್ರೇ, ಆದರೆ ತಯಾರಿ ಬೇಕು. ಘಾಟಿಯಲ್ಲಿ ಬಸ್ಸು ತಿರುವು ತಿರುವಿಗೂ ಎಳೆದಾಡುತ್ತದೆ. ದೊಡ್ಡ ಹಡಗಿನಲ್ಲಿ ಹಾಗಾಗುವುದಿಲ್ಲ. ಹಡಗಿನ ಹೊಟ್ಟೆಯ ಎರಡೂ ಪಕ್ಕದಲ್ಲಿ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ. ಅವು ನೀರಿನೊಳಗೆ ಚಾಚಿಕೊಂಡು ಪಕ್ಕಕ್ಕೆ ವಾಲುವುದನ್ನು ಬಹಳಷ್ಟು ಕಡಿಮೆ ಮಾಡುತ್ತವೆ. ಸಮುದ್ರ ಶಾಂತವಾಗಿದ್ದರೆ ಹಡಗು ಹೊರಟಿದ್ದೇ ಗೊತ್ತಾಗದೆ ಎಷ್ಟೋ ಜನ ಊಟಕ್ಕೆ ಕೂತಿರುತ್ತಾರೆ.

ಮೊದಲು ತಿಂಗಳು ನೋಡಿಕೊಳ್ಳಿ. ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಸಹವಾಸವೇ ಬೇಡ. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಆಮೇಲೆ ರೂಮು. ಬುಕ್ ಮಾಡುವವರು ಮೇಲಿನ ಅಂತಸ್ತಿನ, ಮುಂಭಾಗದ ಬಾಲ್ಕನಿ ರೂಮು ಬಹಳ ಚೆನ್ನಾಗಿದೆ ಅಂತ ಹೇಳುತ್ತಾರೆ. ನೋಟ ಚೆನ್ನಾಗಿರುತ್ತದೆ, ನಿಜ. ಆದರೆ ಹಡಗು ಅತಿ ಹೆಚ್ಚು ಏಳುವುದು ಬೀಳುವುದು ಅಲ್ಲೇ. ನಿಮ್ಮವರಿಗೆ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ಉದ್ದದ ಸರಿಯಾಗಿ ನಡುಮಧ್ಯ ಇರುವ ರೂಮೇ ಬೇಕು ಅಂತ ಕೇಳಿ. ಕಿಟಕಿ ಇದ್ದರೆ ಇನ್ನೂ ಒಳ್ಳೆಯದು. ಕಣ್ಣಿಗೆ ದಿಗಂತ ಕಂಡರೆ ತಲೆ ತಿರುಗುವುದು ಕಡಿಮೆ.

ಮಾತ್ರೆ ವಿಷಯ. ನಮ್ಮಲ್ಲಿ ಘಾಟಿ ಪ್ರಯಾಣಕ್ಕೆ ಅವೊಮಿನ್ ತೆಗೆದುಕೊಳ್ಳುವುದು ರೂಢಿ. ಹಡಗಿಗೂ ಅದು ಕೆಲಸ ಮಾಡುತ್ತದೆ. ಹತ್ತುವ ಒಂದೆರಡು ಗಂಟೆ ಮುಂಚೆಯೇ ತೆಗೆದುಕೊಂಡಿರಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ನನ್ನ ಬಳಿ ಬರುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ಹಾಗೆ ತಡ ಮಾಡಿದವರೇ. ಅವರಿಗೆ ಆಮೇಲೆ ಇಂಜೆಕ್ಷನ್ ಒಂದೇ ದಾರಿ. ಈ ಮಾತ್ರೆಗೆ ನಿದ್ದೆ ಬರುತ್ತದೆ. ಗ್ಲಾಕೋಮಾ ಇದ್ದವರು, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು, ಬೇರೆ ಔಷಧಿ ತೆಗೆದುಕೊಳ್ಳುತ್ತಿರುವವರು ತಮ್ಮ ಡಾಕ್ಟರನ್ನು ಕೇಳದೆ ನುಂಗಬಾರದು. ಜೊತೆಗೆ ಒಣಶುಂಠಿ ಇಟ್ಟುಕೊಳ್ಳಿ, ಹಾಸನ ಸೀಮೆಯಲ್ಲಿ ಶುಂಠಿಗೇನು ಬರ? ಹಡಗಿನಲ್ಲಿ ಹಸಿರು ಸೇಬು, ಉಪ್ಪು ಬಿಸ್ಕತ್ತು ಕೇಳಿದರೆ ಕೊಡುತ್ತಾರೆ. ಹೊಟ್ಟೆ ಪೂರ್ತಿ ಖಾಲಿ ಬಿಡಬೇಡಿ, ಬಫೆ ನೋಡಿ ತುಂಬಿಸಿಕೊಳ್ಳಲೂ ಬೇಡಿ.

ಇನ್ನೊಂದು ಮಾತು ಮಗಳಿಗೆ ಹೇಳಿ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಹೋಗಿ ನಿಲ್ಲುವುದಿಲ್ಲ. ದೂರದಲ್ಲೇ ನಿಂತು, ನಿಮ್ಮನ್ನು ಸಣ್ಣ ದೋಣಿಗೆ ಇಳಿಸಿ ದ್ವೀಪಕ್ಕೆ ಒಯ್ಯುತ್ತಾರೆ. ದೋಣಿ ಕುಣಿಯುತ್ತಿರುತ್ತದೆ, ಕೈ ಹಿಡಿದು ಇಳಿಸುತ್ತಾರೆ, ಆದರೂ ಮಂಡಿ ನೋವಿದ್ದವರಿಗೆ ಅದು ಕಷ್ಟದ ಹೆಜ್ಜೆ. ಅಲೆ ಜಾಸ್ತಿಯಿದ್ದರೆ ಕ್ಯಾಪ್ಟನ್ ದ್ವೀಪದ ಭೇಟಿಯನ್ನೇ ರದ್ದು ಮಾಡುತ್ತಾರೆ. ಹಾಗೆ ಮಾಡುವ ಹಕ್ಕು ಅವರಿಗಿದೆ ಅಂತ ಟಿಕೆಟ್ಟಿನ ಷರತ್ತಿನಲ್ಲೇ ಬರೆದಿರುತ್ತದೆ. ದ್ವೀಪ ನೋಡಲೇಬೇಕು ಅನ್ನುವ ಹಟ ಇದ್ದರೆ ಮನಸ್ಸಿಗೆ ಬೇಸರವಾದೀತು.

ಸಕಲೇಶಪುರದ ಕಾಫಿ ಬೆಳೆಗಾರರು: ಹೆಂಡತಿ, ಇಬ್ಬರು ಮಕ್ಕಳ ಜೊತೆ ಸಿಂಗಪುರದ ಕಡೆ ಹಡಗಿನಲ್ಲಿ ಹೋಗುವ ಯೋಚನೆ. ಜಾಹೀರಾತಿನ ರೇಟು ನೋಡಿದರೆ ಕಡಿಮೆ ಅನ್ನಿಸುತ್ತದೆ. ಅಷ್ಟಕ್ಕೇ ಮುಗಿಯುತ್ತಾ?

ಮುಗಿಯುವುದಿಲ್ಲ. ಜಾಹೀರಾತಿನಲ್ಲಿರುವುದು ಸಾಮಾನ್ಯವಾಗಿ ಕಿಟಕಿಯೇ ಇಲ್ಲದ ಒಳರೂಮಿನ ರೇಟು, ಅದೂ ಒಂದು ರೂಮಿನಲ್ಲಿ ಇಬ್ಬರಿದ್ದರೆ ತಲೆಗೆ ಇಷ್ಟು ಅಂತ. ಅದರ ಮೇಲೆ ಬಂದರಿನ ಶುಲ್ಕ, ತೆರಿಗೆ. ಆಮೇಲೆ ಗ್ರ್ಯಾಚುಯಿಟಿ, ಅಂದರೆ ಸಿಬ್ಬಂದಿಗೆ ಕೊಡುವ ಟಿಪ್ಸು. ಇದನ್ನು ದಿನಕ್ಕಿಷ್ಟು ಅಂತ ಅವರೇ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು ಇದೆ, ಮಕ್ಕಳಿಗೂ ಹಾಕುತ್ತಾರೆ. 16ರಂತೆ ಹಿಡಿದರೂ 4 ಜನಕ್ಕೆ 4 ರಾತ್ರಿಗೆ 256 ಡಾಲರ್. ಇಂಟರ್ನೆಟ್ಟಿಗೆ ಬೇರೆ, ಕೂಲ್ ಡ್ರಿಂಕ್ಸಿಗೆ ಬೇರೆ, ಬಂದರಿನಲ್ಲಿ ಇಳಿದು ಸುತ್ತುವುದಕ್ಕೆ ಬೇರೆ. ಹಡಗಿನಲ್ಲಿ ಕೈಯಿಂದ ದುಡ್ಡು ಕೊಡುವುದಿಲ್ಲ, ರೂಮಿನ ಕಾರ್ಡು ತೋರಿಸಿದರೆ ಸಾಕು. ಹಾಗಾಗಿ ಖರ್ಚು ಕಣ್ಣಿಗೆ ಕಾಣುವುದು ಕೊನೆಯ ಬೆಳಿಗ್ಗೆ ಬಿಲ್ಲು ಬಂದಾಗ.

ಮೊಬೈಲ್ ಬಗ್ಗೆ ತುಂಬಾ ಎಚ್ಚರ. ಹಡಗಿಗೆ ಅದರದ್ದೇ ಆದ ಸ್ಯಾಟಲೈಟ್ ಮೊಬೈಲ್ ನೆಟ್‌ವರ್ಕ್ ಇರುತ್ತದೆ. ದಡ ಬಿಟ್ಟ ಸ್ವಲ್ಪ ಹೊತ್ತಿಗೆ ನಿಮ್ಮ ಫೋನು ತಾನಾಗಿಯೇ ಅದಕ್ಕೆ ಸೇರಿಕೊಳ್ಳಬಹುದು. ಸಾಮಾನ್ಯ ವಿದೇಶಿ ರೋಮಿಂಗ್ ಪ್ಯಾಕ್ ಹೆಚ್ಚಿನ ಸಲ ಅಲ್ಲಿ ನಡೆಯುವುದಿಲ್ಲ, ಬಿಲ್ಲು ಬೇರೆಯೇ ಬೀಳುತ್ತದೆ. ಹತ್ತಿದ ಕೂಡಲೇ ನಾಲ್ಕೂ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇಕಾದರೆ ಹಡಗಿನ ವೈಫೈ ಮಾತ್ರ ಆನ್ ಮಾಡಿಕೊಳ್ಳಿ.

ಸಿಂಗಪುರಕ್ಕೆ ಹಿಂದಿನ ದಿನವೇ ಹೋಗಿ ಮುಟ್ಟಿರಿ. ಬೆಳಿಗ್ಗೆ ಇಳಿದು ಮಧ್ಯಾಹ್ನ ಹಡಗು ಹತ್ತುತ್ತೇವೆ ಅಂತ ಪ್ಲಾನ್ ಮಾಡಬೇಡಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಮತ್ತೆ, ಹಡಗು ಸಿಂಗಪುರ ಬಿಟ್ಟು ಮಲೇಷ್ಯಾ, ಥಾಯ್ಲೆಂಡ್ ಸುತ್ತಿ ತಿರುಗಿ ಸಿಂಗಪುರಕ್ಕೇ ಬರುತ್ತದೆ. ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಬಹುದಾದ ವೀಸಾ ಇದೆಯೇ ಅಂತ ಟಿಕೆಟ್ ಮಾಡುವ ಮುಂಚೆಯೇ ಖಚಿತಪಡಿಸಿಕೊಳ್ಳಿ. ಏಜೆಂಟ್ ಹತ್ತಿರ ಕೊನೆಯ ಮೊತ್ತ ಎಷ್ಟು, ಅದರಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಬೇಲೂರಿನ ಓದುಗರು: ಯೂರೋಪಿನ ಹಡಗು ಪ್ರವಾಸದಲ್ಲಿ ಒಂದೇ ವಾರಕ್ಕೆ ಬಾರ್ಸಿಲೋನಾ, ಮಾರ್ಸೇ, ಜಿನೋವಾ, ರೋಮ್, ನೇಪಲ್ಸ್ ಎಲ್ಲ ತೋರಿಸುತ್ತಾರಂತೆ. ಬಸ್ ಟೂರಿಗಿಂತ ಇದೇ ವಾಸಿ ಅಲ್ವಾ?

ನೀವು ಬೇಲೂರಿನವರು ಆಗಿರುವುದರಿಂದ ನಿಮಗೆ ಹೇಳುವುದು ಸುಲಭ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು ಸಂಜೆ ಹೊರಡುತ್ತವೆ. ಇಳಿದವರನ್ನು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಕಾರ್ಖಾನೆ, ಮಾರ್ಕೆಟ್ಟು ಇಂಥ ಕಡೆ ಕರೆದುಕೊಂಡು ಹೋಗುತ್ತಾರೆ. ಎಲ್ಲವೂ ಒಳ್ಳೆಯ ಜಾಗಗಳೇ. ಆದರೆ ನಿಮ್ಮ ಚೆನ್ನಕೇಶವ ಅಲ್ಲಿಂದ ಸುಮಾರು 150 ಕಿಲೋಮೀಟರ್ ದೂರ, ನಡುವೆ ಘಟ್ಟ. ಹೋಗಿ ಬರುವಷ್ಟರಲ್ಲಿ ಹಡಗು ಹೊರಟಿರುತ್ತದೆ. ಕರ್ನಾಟಕಕ್ಕೆ ಬಂದೂ ಬೇಲೂರು ನೋಡದೆ ಅವರು ಹೋಗುತ್ತಾರೆ. ಶಿಲಾಬಾಲಿಕೆಯರ ಮುಂದೆ ಒಂದು ಗಂಟೆಯಾದರೂ ನಿಲ್ಲಬೇಕಾದವರು.

ಯೂರೋಪಿನಲ್ಲಿ ನಿಮಗೆ ಆಗುವುದೂ ಇದೇ. ಪಟ್ಟಿಯಲ್ಲಿ ರೋಮ್ ಅಂತ ಇರುತ್ತದೆ. ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾ ಅನ್ನುವ ಬಂದರಿನಲ್ಲಿ, ರೋಮ್ ಅಲ್ಲಿಂದ 70 ಕಿಲೋಮೀಟರಿಗೂ ದೂರ. ಫ್ಲಾರೆನ್ಸ್ ಅಂದರೆ ಲಿವೋರ್ನೋ, ಬ್ಯಾಂಕಾಕ್ ಅಂದರೆ ಲೇಮ್ ಚಬಾಂಗ್. ಬೆಳಿಗ್ಗೆ 7ಕ್ಕೆ ಹಡಗು ಕಟ್ಟಿದರೂ ನೀವು ಇಳಿದು ಬಸ್ಸು ಹತ್ತುವಾಗ 8 ದಾಟಿರುತ್ತದೆ. ಸಂಜೆ 5ಕ್ಕೋ 6ಕ್ಕೋ ವಾಪಸ್ ಇರಬೇಕು. ಹೋಗಿ ಬರಲು 3 ಗಂಟೆ ತೆಗೆದರೆ, ಊಟ, ಕ್ಯೂ ಎಲ್ಲ ಕಳೆದರೆ, ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ರೋಮ್ ನಗರಕ್ಕೆ ನಿಮಗೆ ಉಳಿಯುವುದು ಅರ್ಧ ದಿನ. ಕೊಲೋಸಿಯಂ ಹೊರಗೆ ಫೋಟೋ ತೆಗೆದುಕೊಂಡು ಬಂದವರು ರಾತ್ರಿ ಕಾಲಿಗೆ ಬ್ಯಾಂಡೇಜು ಹಾಕಿಸಿಕೊಳ್ಳಲು ನನ್ನ ಹತ್ತಿರ ಬರುತ್ತಿದ್ದರು. ಏನು ನೋಡಿದಿರಿ ಅಂತ ಕೇಳಿದರೆ ಬಸ್ಸಿನ ಕಥೆಯೇ ಜಾಸ್ತಿ. ಬಾರ್ಸಿಲೋನಾ, ನೇಪಲ್ಸ್ ಹಾಗಲ್ಲ, ಬಂದರು ಊರಿಗೆ ಅಂಟಿಕೊಂಡೇ ಇದೆ. ನೇಪಲ್ಸ್‌ನಿಂದ ಪಾಂಪೇಯಿ ಕೂಡ ಹತ್ತಿರ. ಆದ್ದರಿಂದ ಪಟ್ಟಿಯಲ್ಲಿ ಊರಿನ ಹೆಸರು ಓದಬೇಡಿ, ಬಂದರಿನ ಹೆಸರು ಓದಿ, ಮ್ಯಾಪಿನಲ್ಲಿ ದೂರ ನೋಡಿ, ಎಷ್ಟು ಗಂಟೆ ನಿಲ್ಲುತ್ತದೆ ಅಂತ ನೋಡಿ.

ಸ್ವಂತವಾಗಿ ಟ್ಯಾಕ್ಸಿ ಮಾಡಿಕೊಂಡು ಸುತ್ತಿದರೆ ಖರ್ಚು ಕಡಿಮೆ, ಆದರೆ ತಡವಾದರೆ ಹಡಗು ನಿಮಗಾಗಿ ನಿಲ್ಲುವುದಿಲ್ಲ. ಹಡಗಿನವರೇ ಏರ್ಪಾಡು ಮಾಡಿದ ಬಸ್ಸಿನಲ್ಲಿ ಹೋದವರಿಗೆ ಮಾತ್ರ ಕಾಯುತ್ತಾರೆ. ಕೈಯಲ್ಲಿ ಚೀಲ, ಚಪ್ಪಲಿ ಹಿಡಿದು ಕಟ್ಟೆಯುದ್ದಕ್ಕೂ ಓಡಿ ಬರುವವರನ್ನು ಮೇಲಿನಿಂದ ನೋಡಿದ್ದೇನೆ. ಏಣಿ ತೆಗೆದಾಗಿರುತ್ತದೆ, ಹಗ್ಗ ಬಿಚ್ಚಿರುತ್ತಾರೆ. ಅವರು ಮುಂದಿನ ಊರಿಗೆ ಸ್ವಂತ ಖರ್ಚಿನಲ್ಲಿ ಬಂದು ಹಡಗು ಹಿಡಿಯಬೇಕು. ಪಾಸ್‌ಪೋರ್ಟು ಕೂಡ ಎಷ್ಟೋ ಸಲ ರೂಮಿನಲ್ಲೇ ಉಳಿದಿರುತ್ತದೆ.

ಹಾಗಾದರೆ ಹಡಗು ಬೇಡವೇ? ಖಂಡಿತ ಬೇಕು, ಹಡಗು ಇಷ್ಟವಿದ್ದರೆ. ಒಂದು ಸಲ ಪೆಟ್ಟಿಗೆ ಬಿಚ್ಚಿದರೆ ಮುಗಿಯಿತು, ದಿನಾ ಹೋಟೆಲು ಬದಲಿಸುವ ಗೋಳಿಲ್ಲ. ಮಲಗಿದ್ದಾಗ ಊರು ಬದಲಾಗಿರುತ್ತದೆ. ವಯಸ್ಸಾದ ಅಪ್ಪ ಅಮ್ಮ, ಹದಿಹರೆಯದ ಮಕ್ಕಳು, ನೀವು ಮೂರು ತಲೆಮಾರು ಒಟ್ಟಿಗೆ ಇದ್ದೂ ಯಾರಿಗೂ ಯಾರೂ ಭಾರವಾಗುವುದಿಲ್ಲ. ಇಡೀ ದಿನ ಸಮುದ್ರದ ಮೇಲೇ ಇರುವ ದಿನಗಳಲ್ಲಿ ಕುರ್ಚಿ ಹಾಕಿಕೊಂಡು ಸುಮ್ನೆ ನೀರು ನೋಡುತ್ತಾ ಕೂರುವುದು ನಿಮಗೆ ಹಿಡಿಸುತ್ತದೆ ಅನ್ನಿಸಿದರೆ ಹೋಗಿ. ಅಲಾಸ್ಕದಲ್ಲಿ, ನಾರ್ವೆಯ ಫಿಯರ್ಡ್‌ಗಳಲ್ಲಿ, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರದ ಕವಲುಗಳಲ್ಲಿ, ಹಡಗಿಗಿಂತ ಒಳ್ಳೆಯ ದಾರಿಯೇ ಇಲ್ಲ. ಅಲ್ಲಿ ನೋಡಬೇಕಾದದ್ದು ನೀರಿನ ಅಂಚಿನಲ್ಲೇ ಇದೆ. ರೋಮ್ ನೋಡಬೇಕು ಅನ್ನುವ ಆಸೆಗೆ ಮಾತ್ರ ವಿಮಾನ ಹತ್ತಿ, ಅಲ್ಲೇ ನಾಲ್ಕು ದಿನ ಉಳಿಯಿರಿ.

ಚಿಕ್ಕಮಗಳೂರಿನಿಂದ ಒಬ್ಬ ಮಗಳು: ನನಗೀಗ ಐದು ತಿಂಗಳು. ಮುಂದಿನ ತಿಂಗಳ ಕೊನೆಯಲ್ಲಿ ಹಡಗು ಪ್ರವಾಸ ಹೋಗಬಹುದಾ?

ಬೇಡಮ್ಮ. ಪ್ರವಾಸ ಮುಗಿಯುವಷ್ಟರಲ್ಲಿ 24 ವಾರಕ್ಕೆ ಕಾಲಿಡುವವರನ್ನು ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದೇ ಇಲ್ಲ. ಹಡಗಿನಲ್ಲಿ ಹೆರಿಗೆ ಡಾಕ್ಟರ್ ಇರುವುದಿಲ್ಲ, ಮಗುವನ್ನು ಇಡುವ ಐಸಿಯು ಇರುವುದಿಲ್ಲ. ಮಗು ಹುಟ್ಟಿದ ಮೇಲೂ ಕನಿಷ್ಠ 6 ತಿಂಗಳು ತುಂಬಿರಬೇಕು, ಕೆಲವು ದೂರದ ಪ್ರವಾಸಗಳಿಗೆ ಒಂದು ವರ್ಷ. ಆಗ ಮೂವರೂ ಹೋಗಿ.

ಶ್ರವಣಬೆಳಗೊಳದ ಕುಟುಂಬ: ನಾವು ಜೈನರು. ಗೆಡ್ಡೆ ಗೆಣಸು ತಿನ್ನುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ಹಡಗಿನಲ್ಲಿ ಉಪವಾಸವೇ ಗತಿಯಾ?

ಭಾರತದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಜೈನ ಊಟ ಸಿಗುತ್ತದೆ, ಚೆನ್ನಾಗಿಯೇ ಇರುತ್ತದೆ. ವಿದೇಶಿ ಹಡಗಾದರೆ ಬುಕ್ ಮಾಡುವಾಗಲೇ ಬರೆಸಿ. ಹತ್ತಿದ ಮೊದಲ ದಿನವೇ ರೆಸ್ಟೋರೆಂಟಿನ ಮುಖ್ಯಸ್ಥರನ್ನು ಕಂಡು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಒಂದೊಂದೇ ಹೆಸರು ಹೇಳಿ ಬೇಡ ಅನ್ನಿ. ಬರೀ ವೆಜಿಟೇರಿಯನ್ ಅಂದರೆ ಸಾಲದು. ಅವರ ತರಕಾರಿ ಸೂಪಿನಲ್ಲಿ ಕೋಳಿ ಬೇಯಿಸಿದ ನೀರು ಇರಬಹುದು, ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಸಂಜೆಯ ಊಟಕ್ಕೆ ಎರಡು ಸರದಿ ಇದ್ದರೆ ಮೊದಲನೆಯದನ್ನೇ ಕೇಳಿ. ಅದೂ ತಡವಾಗುವ ದಿನ ನಾಳಿನ ಊಟವನ್ನು ಬೇಗ ಕೊಡಿ ಅಂತ ಹಿಂದಿನ ರಾತ್ರಿಯೇ ಹೇಳಿಟ್ಟಿರಿ. ಅಡುಗೆಮನೆಯವರು ಇದನ್ನು ಗೌರವದಿಂದ ನಡೆಸಿಕೊಡುವುದನ್ನು ಕಣ್ಣಾರೆ ಕಂಡಿದ್ದೇನೆ.

ಮನೆಯಲ್ಲಿ ಮಾಡಿದ ತಿಂಡಿಯನ್ನು ಬಹಳಷ್ಟು ಹಡಗುಗಳು ಒಳಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಇರುವ ಪೊಟ್ಟಣಕ್ಕೆ ಅಷ್ಟು ತಕರಾರಿಲ್ಲ. ಪೂಜೆಗೆ ಅಂತ ದೀಪ, ಊದುಬತ್ತಿ, ಕರ್ಪೂರ ಒಯ್ಯಬೇಡಿ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ಇಸ್ತ್ರಿಪೆಟ್ಟಿಗೆಯನ್ನೂ ತೆಗೆದಿಟ್ಟುಕೊಂಡುಬಿಡುತ್ತಾರೆ.

ಊಟದ ಮಾತು ಬಂದಿದ್ದಕ್ಕೆ ಎಲ್ಲರಿಗೂ ಒಂದು ಮಾತು. ಹಡಗಿನಲ್ಲಿ ವಾಂತಿಭೇದಿ ಹಬ್ಬಿಸುವುದು ಹೆಚ್ಚಾಗಿ ನೋರೋವೈರಸ್. ಅದು ಸ್ಯಾನಿಟೈಸರಿಗೆ ಸರಿಯಾಗಿ ಬಗ್ಗುವುದಿಲ್ಲ. ಬಫೆ ಬಾಗಿಲಿನಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿದರೂ ನೀವು ಸೋಪು ಹಾಕಿ ತೊಳೆದುಕೊಂಡೇ ಊಟಕ್ಕೆ ಕೂರಿ. ಒಬ್ಬರು ಮುಟ್ಟಿದ ಸೌಟು ಸಾವಿರ ಕೈ ದಾಟುತ್ತದೆ. ವಾಂತಿಭೇದಿಯಾದರೆ ಮುಚ್ಚಿಡಬೇಡಿ, ರೂಮಿನಿಂದಲೇ ಆಸ್ಪತ್ರೆಗೆ ಫೋನ್ ಮಾಡಿ. ಒಂದೆರಡು ದಿನ ರೂಮಿನಲ್ಲೇ ಇರಲು ಹೇಳುತ್ತಾರೆ. ಬೇಜಾರಾಗುತ್ತದೆ, ಆದರೆ ಪಕ್ಕದ ರೂಮಿನ ಅಜ್ಜಿಗೆ ಅದು ಜೀವದ ಪ್ರಶ್ನೆ.

ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿನಿ: ವಾರಾಂತ್ಯ ಬಂದರೆ ಮುಳ್ಳಯ್ಯನಗಿರಿ ದಾರಿ ತುಂಬಾ ಕಾರು. ನಮ್ಮ ಬೆಟ್ಟಕ್ಕೆ ಆಗುತ್ತಿರುವುದೇ ಸಮುದ್ರಕ್ಕೂ ಆಗುತ್ತಿಲ್ಲವೇ?

ಆಗುತ್ತಿದೆ. ನಿನ್ನ ಪ್ರಶ್ನೆ ಓದಿ ಸಮಾಧಾನವಾಯಿತು. 2020ರಿಂದ ಹಡಗಿನ ಇಂಧನದಲ್ಲಿ ಗಂಧಕ ಶೇಕಡ 0.5ಕ್ಕಿಂತ ಹೆಚ್ಚು ಇರಬಾರದು ಅಂತ ಜಾಗತಿಕ ನಿಯಮ ಬಂತು, ಮೊದಲು 3.5 ಇತ್ತು. ಆದರೆ ಹೊಗೆ ತೊಳೆಯುವ ಸ್ಕ್ರಬ್ಬರ್ ಯಂತ್ರ ಹಾಕಿಕೊಂಡರೆ ಹಳೆಯ ಎಣ್ಣೆಯನ್ನೇ ಸುಡಬಹುದು. ಹಾಗೆ ತೊಳೆದ ನೀರು ಎಷ್ಟೋ ಕಡೆ ಸಮುದ್ರಕ್ಕೇ ಹೋಗುತ್ತದೆ. ದಡದಿಂದ 12 ನಾಟಿಕಲ್ ಮೈಲಿ ದಾಟಿದರೆ ಶುದ್ಧ ಮಾಡದ ಶೌಚದ ನೀರನ್ನೂ ಬಿಡಲು ಅಂತರರಾಷ್ಟ್ರೀಯ ನಿಯಮದಲ್ಲಿ ಅವಕಾಶವಿದೆ. ಇದು ನನಗೆ ಒಪ್ಪಿಗೆಯಿಲ್ಲ.

ಊರಿನವರು ಎದ್ದು ನಿಂತ ಕಡೆ ಬದಲಾವಣೆ ಆಗಿದೆ. ವೆನಿಸ್‌ನ ನಡು ಊರಿನ ಕಾಲುವೆಗೆ ದೊಡ್ಡ ಹಡಗು ಬರುವುದನ್ನು 2021ರ ಆಗಸ್ಟ್‌ನಿಂದ ನಿಲ್ಲಿಸಿದರು. ಅಲಾಸ್ಕದ ಜೂನೋ ಪಟ್ಟಣ 2024ರಿಂದ ದಿನಕ್ಕೆ 5 ದೊಡ್ಡ ಹಡಗು ಸಾಕು ಅಂದಿತು. ಅಲಾಸ್ಕದ್ದೇ ಆದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ 2 ಕ್ರೂಸ್ ಹಡಗಿಗಷ್ಟೇ ಪ್ರವೇಶ. ಲಕ್ಷದ್ವೀಪದ ಹವಳ ಇದಕ್ಕಿಂತ ನಾಜೂಕು. ಅಲ್ಲಿಗೆ ಹೋಗುವವರು ಹವಳದ ಮೇಲೆ ಕಾಲಿಡಬಾರದು, ತುಂಡನ್ನೂ ಎತ್ತಿಕೊಂಡು ಬರಬಾರದು. ಲಕ್ಷದ್ವೀಪ ಆಡಳಿತವೇ ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ 'ಸಮುದ್ರಂ' ಹೆಸರಿನ ಪ್ರವಾಸ ನಡೆಸಿಕೊಂಡು ಬಂದಿದೆ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಕ್ಯಾಸಿನೋ, ಈಜುಕೊಳದ ಗದ್ದಲ ಬೇಡದವರಿಗೆ ನಾನು ಅದನ್ನೇ ಹೇಳುವುದು.

ಅರಸೀಕೆರೆಯ ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿ: ಹಡಗಿನಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಒಬ್ಬ ಏಜೆಂಟ್ ಎರಡು ಲಕ್ಷ ಕೇಳುತ್ತಿದ್ದಾನೆ. ಅಪ್ಪ ಸಾಲ ಮಾಡಲು ಹೊರಟಿದ್ದಾರೆ.

ಅಪ್ಪನನ್ನು ಇವತ್ತೇ ತಡೆಯಪ್ಪ. ಹಡಗಿನ ಕೆಲಸಕ್ಕೆ ಜನ ತೆಗೆದುಕೊಳ್ಳುವ ಏಜೆನ್ಸಿಗೆ ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿ.ಜಿ. ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು. ಅಂಥ ಏಜೆನ್ಸಿ ಕೆಲಸ ಕೊಡಿಸಲು ಹುಡುಗರಿಂದ ದುಡ್ಡು ತೆಗೆದುಕೊಳ್ಳುವಂತೆಯೇ ಇಲ್ಲ, ಅದು ಕಾನೂನು. ಪಟ್ಟಿ ಇಲಾಖೆಯ ವೆಬ್‌ಸೈಟಿನಲ್ಲಿದೆ, ಹೆಸರು ಹುಡುಕಿ ನೋಡು. ನೀನು ಖರ್ಚು ಮಾಡಬೇಕಾದದ್ದು ಪಾಸ್‌ಪೋರ್ಟು, ಹಡಗಿನ ನೌಕರಿಯ ದಾಖಲೆಯಾದ ಸಿಡಿಸಿ ಪುಸ್ತಕ, ಮೆಡಿಕಲ್ ತಪಾಸಣೆ, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಎಸ್‌ಟಿಸಿಡಬ್ಲ್ಯೂ ಸುರಕ್ಷತಾ ತರಬೇತಿ ಇಷ್ಟಕ್ಕೆ.

ಕೆಲಸ ಕಷ್ಟದ್ದು. ಕಾಂಟ್ರಾಕ್ಟ್ 6ರಿಂದ 9 ತಿಂಗಳು, ವಾರಕ್ಕೆ 7 ದಿನವೂ ಡ್ಯೂಟಿ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು ಅಂತ ನಿಯಮವಿದೆ. ಆ ಲೆಕ್ಕವನ್ನು ನೀನೇ ಬರೆದಿಟ್ಟುಕೋ. ಹಬ್ಬಕ್ಕೆ ಊರಿಗೆ ಬರಲು ಆಗುವುದಿಲ್ಲ. ಆದರೂ ಶಿಸ್ತು, ಉಳಿತಾಯ, ಜಗತ್ತಿನ ಜನರ ಒಡನಾಟ ಎಲ್ಲ ಸಿಗುತ್ತದೆ. ಪ್ರಯಾಣ ಮಾಡುವ ಓದುಗರೇ, ನಿಮ್ಮ ರೂಮು ಗುಡಿಸುವ ಹುಡುಗನ ಹೆಸರು ಕೇಳಿ, ಕೊನೆಯ ದಿನ ಕಾಮೆಂಟ್ ಕಾರ್ಡಿನಲ್ಲಿ ಅದನ್ನು ಬರೆಯಿರಿ. ಅದರಿಂದ ಅವನಿಗೆ ಬಡ್ತಿ ಸಿಗಲು ಸಹಾಯವಾಗುತ್ತದೆ.

ಹಾಸನ ವಿದ್ಯಾನಗರದ 64 ವರ್ಷದ ತಾಯಿ: ಯಜಮಾನರು ಹೋಗಿ ಮೂರು ವರ್ಷವಾಯಿತು. ಸಮುದ್ರದಲ್ಲಿ ಒಂದು ಸಲ ಹೋಗಬೇಕು ಅಂತ ಆಸೆ. ಒಬ್ಬಳೇ ಹೇಗೆ ಹೋಗುತ್ತೀಯ ಅಂತ ಮಕ್ಕಳು ಬೇಡ ಅನ್ನುತ್ತಾರೆ.

ಹೋಗಿ ಅಮ್ಮ. ಒಂಟಿ ಹೆಂಗಸರಿಗೆ ಹಡಗಿನಷ್ಟು ಅನುಕೂಲದ ಪ್ರವಾಸ ಕಡಿಮೆ. ರಾತ್ರಿ ಹೊತ್ತು ಆಟೋ ಹುಡುಕಬೇಕಾಗಿಲ್ಲ, ಊಟಕ್ಕೆ ಅಲೆಯಬೇಕಾಗಿಲ್ಲ, ಡಾಕ್ಟರ್ ಕೆಳಗಿನ ಅಂತಸ್ತಿನಲ್ಲೇ ಇರುತ್ತಾರೆ. ಒಬ್ಬರೇ ಒಂದು ರೂಮು ತೆಗೆದುಕೊಂಡರೆ ಹೆಚ್ಚಿನ ಕಡೆ ಸುಮಾರು ಇಬ್ಬರ ದುಡ್ಡೇ ಆಗುತ್ತದೆ, ಅದು ನಿಜಕ್ಕೂ ಅನ್ಯಾಯ. ತಂಗಿಯೋ ಸ್ನೇಹಿತೆಯೋ ಬಂದರೆ ಖರ್ಚು ಅರ್ಧಕ್ಕಿಳಿಯುತ್ತದೆ. ಯಾರೂ ಬರದಿದ್ದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಮೊದಲ ಸಲ ಎರಡು ಮೂರು ರಾತ್ರಿಯ ದೇಶದೊಳಗಿನ ಪ್ರವಾಸ ಸಾಕು. ಪಾಸ್‌ಪೋರ್ಟು ಬೇಡ, ಆಧಾರ್ ಸಾಕು. ಲಿಫ್ಟ್ ಹತ್ತಿರದ ರೂಮು ಕೇಳಿ. ನಿಮ್ಮ ದೊಡ್ಡ ಬ್ಯಾಗನ್ನು ಬಂದರಿನಲ್ಲೇ ತೆಗೆದುಕೊಂಡು ರೂಮಿಗೆ ಕಳಿಸುತ್ತಾರೆ. ಅದು ಬರುವಾಗ ರಾತ್ರಿಯೂ ಆಗಬಹುದು. ಬಿಪಿ, ಶುಗರ್ ಮಾತ್ರೆ, ಡಾಕ್ಟರ್ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇನ್ಶೂರೆನ್ಸ್ ಮಾಡಿಸುವಾಗ ಹಡಗಿನ ಪ್ರಯಾಣಕ್ಕೂ, ಸಮುದ್ರದಿಂದ ದಡದ ಆಸ್ಪತ್ರೆಗೆ ಸಾಗಿಸುವ ಖರ್ಚಿಗೂ ಅನ್ವಯವಾಗುತ್ತದೆಯೇ ಅಂತ ಮಗನ ಹತ್ತಿರ ಓದಿಸಿ. ಹಡಗು ಹತ್ತಿದ ಮೇಲೆ ಸುರಕ್ಷತಾ ಡ್ರಿಲ್ ಇರುತ್ತದೆ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿ 32 ಜನ ಸತ್ತರು. ಆ ದಿನ ಹತ್ತಿದ ಎಷ್ಟೋ ಜನಕ್ಕೆ ಡ್ರಿಲ್ ಇನ್ನೂ ಆಗಿರಲಿಲ್ಲ. ಈಗ ಹೊರಡುವ ಮುಂಚೆಯೇ ಮಾಡಿಸುತ್ತಾರೆ. ತಪ್ಪಿಸಿಕೊಳ್ಳಬೇಡಿ, ಅಪಾಯ ಬಂದಾಗ ನೀವು ಸೇರಬೇಕಾದ ಜಾಗಕ್ಕೆ ಒಂದು ಸಲ ನಡೆದುಕೊಂಡು ಹೋಗಿ ನೋಡಿ ಬನ್ನಿ.

ಕೊನೆಯದಾಗಿ ಬಾತ್‌ರೂಮು. ಹಡಗಿನ ಬಾತ್‌ರೂಮಿಗೆ ಎತ್ತರದ ಹೊಸ್ತಿಲು ಇರುತ್ತದೆ, ನೀರು ಆಚೆ ಬರಬಾರದು ಅಂತ. ನಿಮ್ಮ ವಯಸ್ಸಿನವರು ಕೈ, ಸೊಂಟ ಮುರಿದುಕೊಂಡು ನಮ್ಮಲ್ಲಿಗೆ ಬರುತ್ತಿದ್ದದ್ದು ಬಿರುಗಾಳಿಯಿಂದಲ್ಲ, ರಾತ್ರಿ ಎದ್ದು ಕತ್ತಲಲ್ಲಿ ಆ ಹೊಸ್ತಿಲು ಎಡವಿ. ರಾತ್ರಿಯೆಲ್ಲ ಬಾತ್‌ರೂಮಿನ ದೀಪ ಉರಿಯಲಿ, ಬಾಗಿಲು ಸ್ವಲ್ಪ ತೆರೆದಿರಲಿ. ರಬ್ಬರಿನ ಚಪ್ಪಲಿ ಮರೆಯಬೇಡಿ.